ದುಬಾರಿ ಗಾಡಿಯ ಬ್ಯಾಟರಿಗೆ ನಾವೇಕೆ ಕೈ ಹಾಕಬಾರದು?

ಕಳೆದ ಭಾನುವಾರ ನಾನೂ ನನ್ನ ತಮ್ಮನೂ ಸೇರಿ ನಮ್ಮ ಎಸ್‌ಯುವಿಯ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಿದೆವು. ಕೇಳಿದವರೆಲ್ಲ ಹುಬ್ಬೇರಿಸಿದರು. "ಅಂಥ ಗಾಡಿಯನ್ನು ಮನೆಯಲ್ಲಿ ಬಿಚ್ಚುವುದೇ?" ಎಂದರು. ಸರ್ವೀಸ್ ಸೆಂಟರಿನವರಂತೂ ಮೊದಲೇ ಹೆದರಿಸಿದ್ದರು: "ನೀವು ಬ್ಯಾಟರಿ ಬದಲಿಸಿದರೆ ಗಾಡಿಯ ಕಂಪ್ಯೂಟರ್ ಒಪ್ಪುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ." ಈ ಮಾತು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. ಏಕೆಂದರೆ ಅದರಲ್ಲಿ ಒಂದು ಸಣ್ಣ ನಿಜವನ್ನು ದೊಡ್ಡ ಭಯವನ್ನಾಗಿ ಮಾಡಿ ನಮ್ಮ ಮುಂದಿಟ್ಟಿದ್ದಾರೆ.

ಆ ಗಾಡಿಯೊಳಗಿರುವುದೂ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿಯೇ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಬ್ಯಾಟರಿಯ ವಂಶದ್ದೇ. ಈಗಿನ ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಎಜಿಎಂ ಬಗೆಯದು ಇರುತ್ತದೆ. ಅದರಲ್ಲಿ ಆಮ್ಲ ಕುಲುಕಾಡುವುದಿಲ್ಲ. ಗಾಜಿನ ಎಳೆಗಳ ಹಾಸು ಅದನ್ನು ಹೀರಿ ಹಿಡಿದುಕೊಂಡಿರುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಹೊರಡುವ ಗಾಡಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಣ ಉಳಿಸಲು ಎಜಿಎಂ ಇದ್ದ ಜಾಗಕ್ಕೆ ಸಾಧಾರಣ ಬ್ಯಾಟರಿ ತಂದು ಕೂರಿಸಬೇಡಿ, ಬೇಗ ಸಾಯುತ್ತದೆ.

ನಮ್ಮದು ಮುನ್ಸೂಚನೆ ಕೊಟ್ಟೇ ಸತ್ತಿತು. ಕೆಲವು ವಾರಗಳಿಂದ ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲುವುದನ್ನು ಬಿಟ್ಟಿತ್ತು. ಆಮೇಲೆ ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಎಂದು ಎಚ್ಚರಿಕೆಗಳ ಸಾಲು! ಎಲ್ಲವೂ ಒಟ್ಟಿಗೆ ಕೆಟ್ಟಿತೆಂದು ಮನೆಮಂದಿ ಗಾಬರಿಯಾದರು. ಮಲ್ಟಿಮೀಟರ್ ಹಿಡಿದೆವು, 11.8 ವೋಲ್ಟ್. ರಾತ್ರಿಯಿಡೀ ಸುಮ್ಮನೆ ನಿಂತ ಆರೋಗ್ಯವಂತ ಬ್ಯಾಟರಿ 12.6ರ ಆಸುಪಾಸಿನಲ್ಲಿರಬೇಕು. ವೋಲ್ಟೇಜ್ ಕುಸಿದಾಗ ಕಂಪ್ಯೂಟರುಗಳು ಹೀಗೆ ಇಲ್ಲದ ದೋಷಗಳನ್ನೂ ತೋರಿಸುತ್ತವೆ. ಇದು ತಿಳಿಯದೆ ಎಷ್ಟು ಜನ ಬೇಡದ ಬಿಡಿಭಾಗಗಳಿಗೆ ದುಡ್ಡು ಸುರಿದಿರಬಹುದು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಬಾನೆಟ್ ಎತ್ತಿದರೆ ಬ್ಯಾಟರಿಯೇ ಕಾಣದಿರಬಹುದು. ಬಿಎಂಡಬ್ಲ್ಯು ಎಕ್ಸ್5ನಂಥ ಗಾಡಿಯಲ್ಲಿ ಅದು ಡಿಕ್ಕಿಯ ನೆಲದಡಿ ಇರುತ್ತದೆ. ಔಡಿ ಕ್ಯೂ7ರಲ್ಲಿ ಮುಂದಿನ ಸೀಟಿನ ಕೆಳಗೆ. ನಮ್ಮದೂ ಸೀಟಿನ ಕೆಳಗೇ. ಸೀಟನ್ನು ಹಿಂದೆ ಸರಿಸುವ ಕೆಲಸವನ್ನು ಬ್ಯಾಟರಿ ಬಿಚ್ಚುವ ಮೊದಲೇ ಮುಗಿಸಿ, ವಿದ್ಯುತ್ ಹೋದ ಮೇಲೆ ಮೋಟಾರಿನ ಸೀಟು ಕದಲುವುದಿಲ್ಲ. ಡಿಕ್ಕಿಯಲ್ಲಿದ್ದರೆ ಬಾಗಿಲನ್ನು ತೆರೆದೇ ಇಡಿ. ಸೀಟಿನಡಿ ಕಾಣುವ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಬೇಡಿ. ಹೈಬ್ರಿಡ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಹೈವೋಲ್ಟೇಜ್ ತಂತಿ ಕಂಡರೆ ಅದು ನಮ್ಮ ಕೆಲಸವೇ ಅಲ್ಲ.

ಗಾಡಿ ಆಫ್ ಮಾಡಿ ಅರ್ಧ ಗಂಟೆ ಕಾದೆವು, ಒಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲಿ ಎಂದು. ನಾನು ಸ್ಪ್ಯಾನರ್ ಹಿಡಿದು ಕೆಂಪು ಮುಚ್ಚಳದ ಕಡೆಗೆ ಬಾಗಿದೆ. ತಮ್ಮ ನನ್ನ ಕೈ ಹಿಡಿದ. "ಅಣ್ಣಾ, ಮೊದಲು ಕಪ್ಪು." ಅವನು ಹೇಳಿದ್ದು ಸರಿ. ಕಪ್ಪು ಎಂದರೆ ನೆಗೆಟಿವ್, ಕೆಂಪು ಪಾಸಿಟಿವ್. ನೆಗೆಟಿವ್ ಜೋಡಣೆ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ನೇರ ಶಾರ್ಟ್. ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಗೆ ಕಾಯುವುದೂ ಉಂಟು. ನೆಗೆಟಿವ್ ಮೊದಲು ತೆಗೆದರೆ ಆ ಅಪಾಯವೇ ಇಲ್ಲ. ಜೋಡಿಸುವಾಗ ಅದು ಕೊನೆಗೆ. ಕೈಗೆ ಉಂಗುರವಿದ್ದರೆ ತೆಗೆದಿಡಿ.

ನಮಗೆ ಹೆಚ್ಚು ಹೊತ್ತು ಹಿಡಿದದ್ದು ಒಂದು ಪುಟ್ಟ ಕೊಳವೆ. ಹಳೆಯ ಬ್ಯಾಟರಿಯ ಪಕ್ಕದಲ್ಲಿ, ಪೆನ್ಸಿಲಿಗಿಂತ ಸಣ್ಣದೊಂದು ಪ್ಲಾಸ್ಟಿಕ್ ನಳಿಕೆ ಮೊಣಕೈಯಂತೆ ಬಾಗಿ, ರಂಧ್ರವೊಂದಕ್ಕೆ ಚುಚ್ಚಿಕೊಂಡು ನೆಲದಡಿಗೆ ಇಳಿದಿತ್ತು. ಚಾರ್ಜ್ ಮಿತಿಮೀರಿದಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಜನ ಕೂರುವ ಜಾಗದಲ್ಲೇ ಬ್ಯಾಟರಿ ಇರುವ ಗಾಡಿಯಲ್ಲಿ ಆ ಅನಿಲವನ್ನು ಹೊರಗೆ ಸಾಗಿಸುವುದು ಈ ಕೊಳವೆ. ಹೊಸ ಬ್ಯಾಟರಿಗೆ ಎರಡೂ ತುದಿಯಲ್ಲಿ ರಂಧ್ರಗಳಿದ್ದವು. ಒಂದಕ್ಕೆ ಕೊಳವೆ ಚುಚ್ಚಿ, ಇನ್ನೊಂದಕ್ಕೆ ಜೊತೆಗೆ ಬಂದ ಬಿರಡೆ ಹಾಕಿದೆವು. ಮಕ್ಕಳು ಕೂರುವ ಗಾಡಿ ಎಂದುಕೊಂಡು ಎರಡು ಸಲ ಎಳೆದು ನೋಡಿದೆ. ಮೆಕ್ಯಾನಿಕ್ಕಿಗೇ ಕೊಟ್ಟರೂ ಸರಿ, ಈ ಕೊಳವೆ ಕೂತಿದೆಯೇ ಎಂದು ನೀವೇ ಬಗ್ಗಿ ನೋಡಿ.

ಎತ್ತುವ ಕೆಲಸಕ್ಕೆ ಇಬ್ಬರು ಬೇಕು. ಈ ಬ್ಯಾಟರಿಗಳು 25 ಕಿಲೋ ದಾಟುತ್ತವೆ, ಸೀಟಿನಡಿಯಿಂದ ಬಗ್ಗಿ ಎತ್ತಿದರೆ ಸೊಂಟದ ಕಥೆ ಮುಗಿದಂತೆ.

ಇನ್ನು ಆ ಕಂಪ್ಯೂಟರಿನ ವಿಷಯ. ಜೋಡಿಸಿ ಗುಂಡಿ ಒತ್ತಿದೆವು, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ಟೀರಿಂಗಿನ ಎಚ್ಚರಿಕೆ ದೀಪ ಸ್ವಲ್ಪ ದೂರ ಓಡಿಸಿದ ಮೇಲೆ ಆರಿತು, ವಿದ್ಯುತ್ ಹೋಗಿ ತಮ್ಮ ಅಳತೆ ಮರೆತಿದ್ದ ಕಿಟಕಿಗಳನ್ನು ಪೂರ್ತಿ ಇಳಿಸಿ ಏರಿಸಿ ಗುಂಡಿ ಹಿಡಿದಿದ್ದಕ್ಕೆ ಅವೂ ಸರಿಹೋದವು. ನಿಜವಿರುವುದು ಇಷ್ಟು: ಇಂಥ ಹಲವು ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಬಳಿ ಒಂದು ಸೆನ್ಸರ್ ಇರುತ್ತದೆ. ಬ್ಯಾಟರಿಯ ವಯಸ್ಸಿಗೆ ತಕ್ಕಂತೆ ಎಷ್ಟು ಚಾರ್ಜ್ ಕೊಡಬೇಕೆಂದು ಗಾಡಿ ಲೆಕ್ಕ ಹಾಕುತ್ತಿರುತ್ತದೆ. ಹೊಸದು ಬಂದಿದೆ ಎಂದು ತಿಳಿಸದಿದ್ದರೆ ಮುದಿ ಬ್ಯಾಟರಿಗೆ ಕೊಡುವಂತೆಯೇ ಕೊಡುತ್ತಾ ಹೋಗಿ ಹೊಸದರ ಆಯಸ್ಸು ತಗ್ಗಬಹುದು. ಹಾಗಾಗಿ ಹೊಸ ಬ್ಯಾಟರಿಯನ್ನು ನೋಂದಾಯಿಸಬೇಕು. ಅದಕ್ಕೆ ಸ್ಟೀರಿಂಗಿನ ಕೆಳಗಿನ ಪೋರ್ಟಿಗೆ, ಗಾಡಿಯ ಕಂಪ್ಯೂಟರಿನೊಡನೆ ಮಾತಾಡುವ ಸ್ಕ್ಯಾನರ್ ಎಂಬ ಸಾಧನವನ್ನು ಸಿಕ್ಕಿಸಿದರೆ ಕೆಲವೇ ನಿಮಿಷಗಳ ಕೆಲಸ. ನಾವು ತಮ್ಮನ ಗೆಳೆಯನ ಸ್ಕ್ಯಾನರಿನಲ್ಲಿ ಮಾಡಿದೆವು.

ನನ್ನ ತಕರಾರು ಇಲ್ಲಿಯೇ. ಗಡಿಯಾರದ ಸಮಯ ಬದಲಿಸಲು, ಒಳಗಿನ ದೀಪದ ಬಣ್ಣ ಬದಲಿಸಲು ಪರದೆಯಲ್ಲಿ ಪುಟಗಟ್ಟಲೆ ಆಯ್ಕೆಗಳಿವೆ. "ಹೊಸ ಬ್ಯಾಟರಿ ಹಾಕಿದ್ದೇನೆ" ಎಂದು ಹೇಳಲು ಒಂದೇ ಒಂದು ಗುಂಡಿ ಏಕಿಲ್ಲ? ಗಾಡಿ ಕೊಂಡವನಿಗೆ ಅಷ್ಟು ಹಕ್ಕೂ ಇಲ್ಲವೇ? ಆ ಗುಂಡಿಯೊಂದಿದ್ದರೆ ನಮ್ಮನ್ನು ಹಾಗೆ ಹೆದರಿಸಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಹಳೆಯ ಬ್ಯಾಟರಿಯನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್ಲುಗಳಿಗೆ ಟೇಪ್ ಸುತ್ತಿಟ್ಟಿದ್ದೇವೆ. ನಾಳೆ ಹೊಸದನ್ನು ಕೊಟ್ಟವರಿಗೇ ಒಪ್ಪಿಸುತ್ತೇವೆ. ಅದರೊಳಗಿನ ಸೀಸವನ್ನು ಕರಗಿಸಿ ಮತ್ತೊಂದು ಬ್ಯಾಟರಿ ಮಾಡುತ್ತಾರೆ.