ಹಾರಿಹೋದ ಉಗುರು

ನೇಲ್ ಕಟರಿನಿಂದ ಟಕ್ ಅಂತ ಹಾರಿದ ಉಗುರು ಎಲ್ಲಿಗೆ ಹೋಗುತ್ತದೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ಸೋಫಾ ಕೆಳಗೆ ಕೈ ಹಾಕಿ ತಡಕಾಡಿದರೂ ಸಿಗುವುದಿಲ್ಲ, ಎರಡು ದಿನ ಬಿಟ್ಟು ಬರಿಗಾಲಿಗೆ ಚುಚ್ಚುತ್ತದೆ. ದೀಪ ಹಚ್ಚಿದ ಮೇಲೆ ಉಗುರು ತೆಗೀಬೇಡ ಅಂತ ಅಮ್ಮ ಬೈಯುತ್ತಿದ್ದಳು. ಯಾಕೆ ಅಂದರೆ, "ತೆಗೀಬಾರದು, ಅಷ್ಟೇ."

ಪಾರ್ಸಿಗಳ ವೆಂದಿದಾದ್ ಗ್ರಂಥ ಹಾಗೆ ಬಾಯಿ ಮುಚ್ಚಿಸುವುದಿಲ್ಲ. ಕತ್ತರಿಸಿದ ಕೂದಲು, ಉಗುರಿಗೆ ಅಂತಲೇ ಅದರಲ್ಲಿ 17ನೇ ಅಧ್ಯಾಯವಿದೆ. ಬೆರಳಲ್ಲಿ ಇರುವ ತನಕ ಉಗುರಿಗೆ ಏನೂ ದೋಷವಿಲ್ಲ. ಬೇರೆಯಾಯಿತೋ, ಸತ್ತ ಹಾಗೆ ಲೆಕ್ಕ, ಹೆಣದ ಸಾಲಿಗೇ ಸೇರಿತು. ಸಾವು ಅವರ ದೇವರು ಅಹುರ ಮಜ್ದ ಮಾಡಿದ್ದಲ್ಲ, ಅವನ ಎದುರಾಳಿ ಅಂಗ್ರ ಮೈನ್ಯು ತಂದದ್ದು. ಅದಕ್ಕೇ ಸತ್ತದ್ದು ಬೆಂಕಿ, ನೀರಿನ ಹತ್ತಿರ ಸುಳಿಯಬಾರದು. (ಎಂಜಲೂ ಅಷ್ಟೇ. ಅರ್ಚಕರು ಬೆಂಕಿಯ ಮುಂದೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಉಸಿರು ತಾಗಬಾರದು ಅಂತ.) ಎಷ್ಟು ದೂರ ಅನ್ನುವುದನ್ನೂ ಹೇಳಿದ್ದಾರೆ: ಜನರಿಂದ 10 ಹೆಜ್ಜೆ, ಬೆಂಕಿಯಿಂದ 20, ನೀರಿನಿಂದ 30, ಪೂಜೆಯ ಬರ್ಸಮ್ ಕಡ್ಡಿಗಳಿಂದ 50. ನಮ್ಮ ಮನೆಯ ಗ್ಯಾಸ್ ಒಲೆಯಿಂದ ಸುಮ್ನೆ ಎಣಿಸಿ ನೋಡಿದೆ, 20ನೇ ಹೆಜ್ಜೆಗೆ ಪಕ್ಕದ ಮನೆಯವರ ಚಪ್ಪಲಿ ಸ್ಟ್ಯಾಂಡ್ ಬಂತು.

ಸಂದಿಗೊಂದಿಗೆ ಎಸೆದರೆ ಅದರಿಂದ ಹೇನುಗಳು ಹುಟ್ಟಿ ಹೊಲದ ಕಾಳು, ಪೆಟ್ಟಿಗೆಯ ಬಟ್ಟೆ ತಿನ್ನುತ್ತವಂತೆ. ಅದಕ್ಕೆ ಮನೆಯ ಹೊರಗೆ ಕಿರುಬೆರಳಿನ ತುದಿಗೆಣ್ಣಿನಷ್ಟು ಆಳದ ಗುಂಡಿ ತೋಡಬೇಕು, ಉಗುರು ಹಾಕಬೇಕು, ಮಂತ್ರ ಹೇಳಿ ಸುತ್ತ ಲೋಹದಿಂದ ಗೆರೆ ಎಳೆಯಬೇಕು. ಆಮೇಲೆ ಅಶೋಜುಷ್ಟ ಅನ್ನುವ ಹಕ್ಕಿಯನ್ನು ಕರೆದು ಒಪ್ಪಿಸಬೇಕು: ಇಗೋ ಉಗುರು, ಇವು ನಿನಗೆ ಈಟಿ, ಚೂರಿ, ಬಿಲ್ಲು, ಬಾಣ, ಕವಣೆಕಲ್ಲು ಆಗಲಿ, ದೈವಗಳನ್ನು ಹೊಡಿ ಅಂತ. ದೈವ ಅಂದರೆ ಅವರಲ್ಲಿ ರಾಕ್ಷಸರು, ಗಾಬರಿಯಾಗಬೇಡಿ. ಒಪ್ಪಿಸದೆ ಬಿಟ್ಟರೆ ಅದೇ ಉಗುರು ಆ ರಾಕ್ಷಸರ ಕೈಗೆ ಸಿಕ್ಕಿ ಹಕ್ಕಿಯ ಮೇಲೇ ಬಾಣವಾಗುತ್ತದೆ!

ಆ ಹಕ್ಕಿ ಗೂಬೆ ಅಂತಾರೆ. ನಾವು ಕಂಡವರ ತಲೆ ಮೇಲೆಲ್ಲ ಕೂರಿಸುವ ಅದೇ ಗೂಬೆ. ಮನೆ ಮೇಲೆ ಕೂತರೆ ಶಾಂತಿ ಮಾಡಿಸುವ ನಮಗೆ, ಅದಕ್ಕೆ ಆಯುಧ ಒದಗಿಸುವ ಈ ಕೆಲಸ ನನಗಂತೂ ಬಹಳ ಹಿಡಿಸಿತು.

ಮೊನ್ನೆ ಹಾರಿದ್ದು ಯಾರ ಕಡೆಯ ಬಾಣವೋ. ಇವತ್ತು ಬೆಳಿಗ್ಗೆ ಚುಚ್ಚಿದ್ದು ಮಾತ್ರ ನನ್ನ ಹಿಮ್ಮಡಿಗೆ.