ಕರಿ ಕೋಟು ಹಾಕುವ ಮುಂಚೆಯೇ ಲಾ ವಿದ್ಯಾರ್ಥಿಗಳಿಗೆ ಊರಿನ ಕಾನೂನು ಕೆಲಸ: ಬೇಕಾ, ಬೇಡವಾ?

ಪರ

ನಾಡಕಚೇರಿ ಮುಂದೆ ಒಂದು ಬೆಳಗ್ಗೆ ಸುಮ್ನೆ ನಿಂತು ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಾಸ್‌ಬುಕ್ಕು, ರೇಷನ್ ಕಾರ್ಡು ಸುತ್ತಿಟ್ಟುಕೊಂಡ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಪಿಂಚಣಿ ನಿಂತು ಎಷ್ಟೋ ತಿಂಗಳಾಗಿದೆ. ಕೈಯಲ್ಲೊಂದು ಹಿಂಬರಹ, ಅಂದರೆ ಕಚೇರಿಯವರು ಬರೆದುಕೊಟ್ಟ ಉತ್ತರ. ‘ದಾಖಲೆ ತಾಳೆಯಾಗಿರುವುದಿಲ್ಲ’ ಎಂಬ ಒಂದೇ ಸಾಲು. ಯಾವ ದಾಖಲೆ? ಬಿಚ್ಚಿ ನೋಡಿದರೆ ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ. ಇದನ್ನು ಕಂಡುಹಿಡಿಯಲು ತಲೆ ನರೆತ ವಕೀಲರೇ ಬೇಕಾ? ಕೂತು ಓದಿ, ಒಂದು ಅರ್ಜಿ ಬರೆದು, ಸ್ವೀಕೃತಿ ಇಸ್ಕೊಂಡು ಬರುವ ಲಾ ವಿದ್ಯಾರ್ಥಿ ಸಾಕು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಅದಕ್ಕೆ ತಾಲ್ಲೂಕು ಸಮಿತಿ ಇದೆ, 15100 ಸಹಾಯವಾಣಿ ಇದೆ. ಇದೇನೂ ಗೊತ್ತಿಲ್ಲದೆ ಬಡ್ಡಿಗೆ ದುಡ್ಡು ತಂದು ಫೀಸು ಕಟ್ಟುವವರೂ ಇದ್ದಾರೆ. ಮನೆ ಬಾಗಿಲಿಗೆ ಹೋಗಿ ಹೇಳುವವರು ಬೇಕಲ್ವಾ?

ಇನ್ನು ಕಲಿಕೆ. ಆಸ್ತಿ ವರ್ಗಾವಣೆಯ ಟಿಪಿ ಆಕ್ಟನ್ನು ಬಾಯಿಪಾಠ ಮಾಡಿದ ಹುಡುಗನ ಕೈಗೆ ಒಂದು ಪಹಣಿ ಕೊಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಬ್ಯಾಂಕಿನ ಸಾಲ ಕೂತಿದೆ ಅಂತ ಕೇಳಿ. ತಡವರಿಸುತ್ತಾನೆ. ಊರಿನ ರೈತರೇ ಅವನಿಗೆ ಅದನ್ನು ಕಲಿಸುತ್ತಾರೆ.

ವಿರೋಧ

ಅಜ್ಜಿಯ ಅರ್ಜಿ ಬರೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅರ್ಜಿ ಬರೆಸಲು ಬಂದವರು ಅಷ್ಟಕ್ಕೇ ಎದ್ದು ಹೋಗುವುದಿಲ್ಲ. ‘ಹಂಗೇ ಇದೊಂದು ನೋಡಪ್ಪ’ ಅಂತ ಇನ್ನೊಂದು ಕಾಗದ ತೆಗೆಯುತ್ತಾರೆ. ಅಲ್ಲಿಂದ ಶುರುವಾಗುತ್ತದೆ ತೊಂದರೆ.

ಆ ಕಾಗದ ಬೌನ್ಸ್ ಆದ ಚೆಕ್ಕು ಅಂದುಕೊಳ್ಳಿ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ‘ಸರ್‌ನ ಕೇಳಿ ಹೇಳ್ತೀನಿ, ಮುಂದಿನ ಶನಿವಾರ ಬನ್ನಿ’ ಅಂತಾನೆ ಹುಡುಗ. ಮುಂದಿನ ಶನಿವಾರ ಅವನಿಗೆ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ. ಅದರ ಮುಂದಿನದ್ದು ಹಬ್ಬದ ರಜೆ. ಊರಿನವರು ಮಾತ್ರ ‘ಲಾಯರ್ ನೋಡ್ತಾ ಇದ್ದಾರೆ’ ಅಂತ ನಂಬಿ ಕೂತಿರುತ್ತಾರೆ.

ಅರಿವು ಕಾರ್ಯಕ್ರಮಗಳದ್ದು ಇನ್ನೊಂದು ಕಥೆ. ಬ್ಯಾನರು, ಶಾಲು, ಗ್ರೂಪ್ ಫೋಟೊ. ಭಾಷಣ ಮುಕ್ಕಾಲು ಇಂಗ್ಲಿಷು. ಅದೂ ಹೋಗಲಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಇಷ್ಟು ಹೇಳಿ ಹುಡುಗರು ಸಂಜೆ ಬಸ್ಸು ಹತ್ತುತ್ತಾರೆ. ಕೇಳಿಸಿಕೊಂಡ ಹೆಂಗಸು ರಾತ್ರಿ ಅಣ್ಣನ ಮುಂದೆ ಪಾಲಿನ ಮಾತು ಎತ್ತುತ್ತಾಳೆ. ಆ ಜಮೀನು ಅಪ್ಪನ ಸ್ವಯಾರ್ಜಿತವೋ, ಹಿಂದೆ ಯಾವಾಗಲೋ ವಿಭಾಗವಾಗಿತ್ತೋ, ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಅವಳೇ ಸಹಿ ಹಾಕಿದ್ದಳೋ ಯಾರೂ ನೋಡಿಲ್ಲ. ತವರಿನ ಬಾಗಿಲು ಮುಚ್ಚಿದ್ದೊಂದೇ ಬಂತು.

ಕಾಲೇಜಿನ ವಕೀಲ ಮೇಷ್ಟ್ರು ಪಕ್ಕದಲ್ಲಿ ಕೂತು ಪ್ರತಿ ಕಾಗದವನ್ನೂ ನೋಡುತ್ತಾರೆ ಅಂದರೆ ಸರಿ, ಒಪ್ಪುತ್ತೇನೆ. ಎಷ್ಟು ಶಿಬಿರದಲ್ಲಿ ಹಾಗೆ ಕೂರುತ್ತಾರೆ? ವಕೀಲರು ಕಕ್ಷಿದಾರರಿಗೆ ಮೋಸ ಮಾಡಿದರೆ ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು. ಈ ಹುಡುಗನ ಮೇಲೆ ಯಾರಿಗೆ ಕೊಡುವುದು, ಪ್ರಿನ್ಸಿಪಾಲರಿಗಾ?