ಲಂಗದ ಮೇಲಿನ ಮೂರು ಗೆರೆ

ಹೋದ ವಾರ ಅಮ್ಮನ ಹಳೇ ಟ್ರಂಕು ಖಾಲಿ ಮಾಡುತ್ತಿದ್ದೆ. ತಳದಲ್ಲಿ ನನ್ನ ಹಸಿರು ರೇಷ್ಮೆ ಲಂಗ ಸಿಕ್ಕಿತು. ನುಸಿಗುಳಿಗೆ ವಾಸನೆ. ಜರಿ ಕಪ್ಪಾಗಿದೆ. ಕಿಟಕಿ ಹತ್ತಿರ ಹಿಡಿದು ನೋಡಿದರೆ ಅಂಚಿನ ಮೇಲ್ಗಡೆ ಅಡ್ಡಕ್ಕೆ ಮೂರು ಪಟ್ಟಿ. ಒಂದೊಂದೂ ಮೂರು ಬೆರಳಗಲ. ಆ ಪಟ್ಟಿಗಳಲ್ಲಿ ಮಾತ್ರ ಬಟ್ಟೆ ಗಾಢ ಹಸಿರು, ಉಳಿದದ್ದೆಲ್ಲ ಮಾಸಿದ ಹಸಿರು. ಪಟ್ಟಿಯ ಎರಡೂ ಕಡೆ ಸೂಜಿ ಹೋದ ಸಣ್ಣ ಸಣ್ಣ ತೂತು.

ನನ್ನ ವಯಸ್ಸಿನ ಹೆಣ್ಣುಮಕ್ಕಳಿಗೆ ಇದೇನು ಅಂತ ಹೇಳಬೇಕಿಲ್ಲ. ಚಿಕ್ಕವರಿಗೆ ಹೇಳುತ್ತೇನೆ. ಆಗ ಲಂಗಕ್ಕೆ ಬಟ್ಟೆ ಜಾಸ್ತಿ ತಗೊಂಡು, ಆ ಜಾಸ್ತಿ ಬಟ್ಟೆಯನ್ನು ಮಡಿಕೆ ಮಾಡಿ ಹೊಲಿಸುತ್ತಿದ್ದರು. ಟೈಲರ್ ಬಾಯಲ್ಲಿ ಅದು ಟಕ್ಸ್. ಹುಡುಗಿ ಉದ್ದ ಆದ ಹಾಗೆ ಒಂದೊಂದೇ ಮಡಿಕೆ ಬಿಚ್ಚುವುದು. ಮಡಿಕೆಯ ಒಳಗಿದ್ದ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಅದಕ್ಕೇ ಆ ಬಣ್ಣ. ನನ್ನ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲ ಯುಗಾದಿಗೂ ಇದೇ ಲಂಗ. ಅಮ್ಮ ಪಿನ್ನಿನ ತುದಿಯಿಂದ ಹೊಲಿಗೆ ಎಬ್ಬಿಸಿ, ದಾರ ತುಂಡಾಗದ ಹಾಗೆ ಮೆಲ್ಲಗೆ ಎಳೆಯುತ್ತಿದ್ದಳು. ಆ ದಾರವನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಸುತ್ತಿ ಇಡುತ್ತಿದ್ದಳು. ಅಣ್ಣಂದಿರ ಚಡ್ಡಿ ಗುಂಡಿಗೆ ಅದೇ ದಾರ.

ಬೆಂಗಳೂರಿನ ಚಾಮರಾಜಪೇಟೆಯ ವಠಾರದಲ್ಲಿ ನಮ್ಮ ಮನೆ. ಎರಡು ಕೋಣೆ, ನಾಲ್ಕು ಮಕ್ಕಳು, ಅಪ್ಪನ ಗುಮಾಸ್ತೆ ಕೆಲಸ. ವರ್ಷಕ್ಕೊಮ್ಮೆ ಚಿಕ್ಕಪೇಟೆಯಿಂದ ಒಂದೇ ತಾನಿನ ಬಟ್ಟೆ ತರುತ್ತಿದ್ದರು. ಅಣ್ಣಂದಿರಿಗೆ ಷರಟು, ನನಗೂ ತಂಗಿಗೂ ಫ್ರಾಕು. ನಾಲ್ಕೂ ಜನ ಒಂದೇ ಚೌಕುಳಿಯಲ್ಲಿ ಸಾಲಾಗಿ ದೊಡ್ಡ ಗಣಪತಿ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ಮಿಕ್ಕ ತುಂಡಿನಲ್ಲಿ ಕೈಚೀಲ. ಅಪ್ಪನ ಪಂಚೆ ಹಳೆಯದಾದರೆ ಮೈ ಒರೆಸುವ ಬಟ್ಟೆ. ಅದೂ ಸವೆದರೆ ಮಸಿಬಟ್ಟೆ. ಅಮ್ಮನ ಸೀರೆ ಮೊದಲು ನಮಗೆ ಲಂಗ, ಆಮೇಲೆ ದಿಂಬಿನ ಕವರು. ಕೊನೆಗೂ ಏನಾದರೂ ಉಳಿದಿದ್ದರೆ ಪಾತ್ರೆಯವಳು ಬರುತ್ತಿದ್ದಳು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ. 'ಇನ್ನೊಂದು ಪ್ಯಾಂಟು ಹಾಕಮ್ಮಾ, ಡಬ್ಬ ಕೊಡ್ತೀನಿ' ಅಂತ ಅವಳು. 'ಇದ್ರ ಮುಚ್ಚಳ ಸರಿಯಾಗಿ ಕೂರಲ್ಲ, ಬೇರೆ ತೆಗಿ' ಅಂತ ಅಮ್ಮ. ಅರ್ಧ ಗಂಟೆ ನಡೆಯುತ್ತಿತ್ತು ಅದು. ಆ ಡಬ್ಬಗಳಲ್ಲಿ ಎರಡು ಈಗಲೂ ನನ್ನ ಅಡುಗೆಮನೆಯಲ್ಲಿವೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಮೆಂತ್ಯ.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಬಸ್ಸಾರಿಗಿಂತ ಬೇರೆ ಉದಾಹರಣೆ ಬೇಕಾ? ಸೊಪ್ಪು, ಕಾಳು ಬೇಯಿಸಿದ ನೀರನ್ನು ಬಸಿದು ಅದರಲ್ಲೇ ಸಾರು, ಬಸಿದು ಉಳಿದದ್ದು ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಹೀರೇಕಾಯಿ ತಂದರೆ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಹಲಸಿನ ಬೀಜ ಒಣಗಿಸಿಟ್ಟರೆ ಮಳೆಗಾಲದ ಸಾರಿಗೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂತೆಂದರೆ ಇಡೀ ವಠಾರ ಜಗಲಿಯಲ್ಲಿ ಕೂತು ಬಿಡಿಸುತ್ತಿತ್ತು. ಸಿಪ್ಪೆ ಹಾಲಿನವರ ಹಸುವಿಗೆ. ಅಕ್ಕಿ ತೊಳೆದ ನೀರೂ ಅದಕ್ಕೇ. ಬಾಗಿಲ ಪಕ್ಕ ಕಲಗಚ್ಚಿನ ಬಾನಿ ಇರುತ್ತಿತ್ತು, ಸಂಜೆ ಬಂದು ಒಯ್ಯುತ್ತಿದ್ದರು. ತುಪ್ಪ ಕಾಯಿಸಿದ ದಿನ ಆ ಪಾತ್ರೆಗೆ ಬಿಸಿ ಅನ್ನ, ಉಪ್ಪು ಹಾಕಿ ಕಲಸಿ ಅಮ್ಮ ನಮಗೆ ಒಂದೊಂದು ತುತ್ತು ಕೊಡುತ್ತಿದ್ದಳು. ಅದರ ರುಚಿ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ.

ಕಾಫಿ ಫಿಲ್ಟರಿಗೆ ಎರಡನೇ ಸಲ ನೀರು ಹಾಕಿದ ಡಿಕಾಕ್ಷನ್ ಅಮ್ಮನಿಗೆ. ಮೊದಲನೆಯದು ಅಪ್ಪನಿಗೆ, ಬಂದವರಿಗೆ. ಇದು ನನಗೆ ಆಗ ಕಾಣಲೇ ಇಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

ಹೊಟ್ಟಿನ ಒಲೆ ಎಷ್ಟು ಜನಕ್ಕೆ ನೆನಪಿದೆ? ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದದ್ದು ಸಾಲುತ್ತಿರಲಿಲ್ಲ. ಗ್ಯಾಸ್ ನಮ್ಮ ಮನೆಗೆ ಬಂದದ್ದು ನಾನು ಕಾಲೇಜಿಗೆ ಸೇರಿದ ಮೇಲೆ. ಅದಕ್ಕೆ ಮುಂಚೆ ಸಾ ಮಿಲ್ಲಿನಿಂದ ಮೂಟೆಗಟ್ಟಲೆ ಮರದ ಹೊಟ್ಟು ತರುತ್ತಿದ್ದೆವು. ತಗಡಿನ ಒಲೆ, ಕೆಳಗಡೆ ಪಕ್ಕದಲ್ಲಿ ಒಂದು ತೂತು. ನಡುವೆ ಒಂದು ಬಾಟಲಿ ನಿಲ್ಲಿಸಬೇಕು. ಕೆಳಗಿನ ತೂತಿನಿಂದ ಒಂದು ದುಂಡನೆ ಕೋಲು ತೂರಿಸಿ ಬಾಟಲಿಗೆ ತಾಗಿಸಬೇಕು. ಸುತ್ತ ಹೊಟ್ಟು ಹಾಕಿ ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಕೋಲನ್ನು ಹೊರಗೆಳೆದು, ಬಾಟಲಿಯನ್ನು ತಿರುಗಿಸುತ್ತಾ ಮೇಲಕ್ಕೆ ಎಳೆಯಬೇಕು, ಉಸಿರು ಬಿಗಿಹಿಡಿದು. ಒಂದು ಕಡೆ ಸಡಿಲ ಇದ್ದರೂ ಎಲ್ಲ ಕುಸಿಯುತ್ತೆ, ಮತ್ತೆ ಮೊದಲಿಂದ. ಸರಿಯಾಗಿ ಕೂತರೆ ಕಾಗದ ಹೊತ್ತಿಸಿ ಕೆಳಗೆ ತೂರಿಸಿದರೆ ಸಾಕು, ಗಂಟೆಗಟ್ಟಲೆ ಒಂದೇ ಸಮನೆ ಉರಿ. ಆರು ಜನರ ಸ್ನಾನದ ನೀರು, ಕಾಳು ಬೇಯೋದು, ಎಲ್ಲ ಅದರಲ್ಲೇ.

ರಾತ್ರಿ ನಾವೆಲ್ಲ ಮಲಗಿದ ಮೇಲೆ ಆ ಗುದ್ದುವ ಸದ್ದು ಕೇಳುತ್ತಿತ್ತು. ಧಪ್, ಧಪ್ ಅಂತ. ನನಗೆ ಅದು ಜೋಗುಳದ ಹಾಗೆ. ಅಮ್ಮ ನಾಳೆಯ ಒಲೆ ತುಂಬುತ್ತಿದ್ದಳು.

ನಾನು ಹೇಳಬೇಕು ಅಂತ ಕೂತದ್ದು ಇದನ್ನೇ. ನಮ್ಮ ವಯಸ್ಸಿನವರು ಸೇರಿದಾಗ 'ಆಗ ಎಷ್ಟು ಕಮ್ಮಿಯಲ್ಲಿ ಎಷ್ಟು ಚೆನ್ನಾಗಿದ್ವಿ ಅಲ್ವಾ' ಅಂತೀವಿ. ನಾನೂ ಎಷ್ಟೋ ಸಲ ಅಂದಿದ್ದೇನೆ. ದುಡ್ಡು ಉಳಿಯುತ್ತಿತ್ತು, ನಿಜ. ಆದರೆ ಆ ಉಳಿತಾಯ ಎಲ್ಲಿಂದ ಬರುತ್ತಿತ್ತು? ಅಮ್ಮನ ನಿದ್ದೆಯಿಂದ. ಅವಳ ಮಧ್ಯಾಹ್ನಗಳಿಂದ. ಒಂದು ಮಡಿಕೆ ಬಿಚ್ಚಿ, ಇಸ್ತ್ರಿ ಹಾಕಿ, ಅಂಚು ಮತ್ತೆ ಹೊಲಿಯೋಕೆ ಒಂದು ಮಧ್ಯಾಹ್ನ ಬೇಕು. ನಾಲ್ಕು ಮಕ್ಕಳು. ಸಿಪ್ಪೆ ಚಟ್ನಿ ಒರಳಲ್ಲಿ ರುಬ್ಬಬೇಕು, ಮಿಕ್ಸಿ ಎಲ್ಲಿತ್ತು? ಮೊದಲ ಡಿಕಾಕ್ಷನ್ ಅವಳು ಯಾವತ್ತೂ ಕುಡಿದಿರಲಿಲ್ಲ. ನಾವು ಅದನ್ನು ಸುಮ್ನೆ 'ಮಿತವ್ಯಯ' ಅಂತ ಒಂದು ಒಳ್ಳೇ ಹೆಸರಿಟ್ಟು ನೆನೆಸಿಕೊಂಡರೆ ಅವಳಿಗೆ ಅನ್ಯಾಯ.

ಹಾಗಂತ ಅದೆಲ್ಲ ಹೋದದ್ದೇ ಒಳ್ಳೇದಾಯ್ತು ಅಂತಲೂ ನನಗೆ ಅನ್ನಿಸುವುದಿಲ್ಲ. ನೀರನ್ನೇ ತಗೊಳ್ಳಿ. ಕಾವೇರಿ ನೀರು ನಮ್ಮೂರಿಗೆ ಬಂದದ್ದು 1974ರಲ್ಲಿ. ಅದಕ್ಕೆ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಕೆರೆಗಳ ನೀರು. ಕಾವೇರಿ ಬಂದಮೇಲೂ ವಠಾರಕ್ಕೆಲ್ಲ ಒಂದೇ ನಲ್ಲಿ. ಪಾತ್ರೆ ತೊಳೆಯೋಕೆ ಎರಡು ಬಕೆಟ್: ಒಂದರಲ್ಲಿ ಬೂದಿ ಹಾಕಿ ಉಜ್ಜಿದ್ದನ್ನು ಅದ್ದುವುದು, ಇನ್ನೊಂದರಲ್ಲಿ ಜಾಲಿಸುವುದು. ಆ ನೀರು ತುಳಸಿಗಲ್ಲ, ಅಂಗಳದ ಕರಿಬೇವಿಗೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೈ ಕಾಲು ಆಡದ ಹಾಗಾಗಿತ್ತು. ನಾನು ಎರಡು ಬಕೆಟ್ ತೆಗೆದು ಇಟ್ಟೆ. ಪಕ್ಕದ ಮನೆಯ ಹುಡುಗಿ ಬಂದು ನಿಂತು ನೋಡಿ ಕಲಿತುಕೊಂಡು ಹೋದಳು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ಎತ್ತಿ ತರುವ ನೀರು ಅದು. ಅದನ್ನು ಹಾಗೆ ಬಳಸುವುದು ಜಿಪುಣತನ ಅಲ್ಲ.

ಲಂಗವನ್ನು ಅಮ್ಮನ ಮಡಿಲಲ್ಲಿ ಇಟ್ಟೆ. ಎಂಬತ್ತನಾಲ್ಕು ವರ್ಷ ಈಗ. ಬೆರಳಲ್ಲಿ ಪಟ್ಟಿಗಳನ್ನು ಸವರಿದಳು.

'ನಿಂಗೆ ಆಗ ಇದೆಲ್ಲ ಇಷ್ಟ ಇತ್ತೇನಮ್ಮ?' ಅಂತ ಕೇಳಿದೆ.

'ಇಷ್ಟ ಕಷ್ಟ ಅಂತ ಯಾರು ಕೇಳ್ತಿದ್ರು ಕಣೇ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಹೊಲಿಯೋದು ಇಷ್ಟ ಇತ್ತು. ಒಬ್ಬಳೇ ಹೊಲಿಯೋದು ಇಷ್ಟ ಇರ್ಲಿಲ್ಲ' ಅಂದಳು.

ನನ್ನ ಮಗನ ಎರಡು ಪ್ಯಾಂಟು ಮಂಡಿ ಹತ್ತಿರ ಹರಿದು ಬಿದ್ದಿವೆ. ಹೊಸದು ತರಿಸ್ತೀನಿ ಅಂತಿದ್ದ. ಬೇಡ ಅಂದಿದ್ದೇನೆ. ಈ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಅಮ್ಮನ ಪಕ್ಕ ಅವನು ಕೂರಬೇಕು, ಅವಳು ಹೇಳಿಕೊಡಬೇಕು, ಅವನೇ ಹೊಲಿಯಬೇಕು. ಒಪ್ಪಿಕೊಂಡಿದ್ದಾನೆ. ಅವತ್ತು ಫಿಲ್ಟರಿನ ಮೊದಲ ಡಿಕಾಕ್ಷನ್ ಅಮ್ಮನಿಗೆ.